ನಲವತ್ತೊಂದು ಯಾರ ಪಾಲು

ಆ ಬುಧವಾರ ಬೆಳಿಗ್ಗೆಯೂ ಎಲ್ಲ ಎಂದಿನ ಹಾಗೆಯೇ ನಡೆಯಿತು. ಐದೂವರೆಗೆ ಎದ್ದು ಹಿತ್ತಲ ಬಾಗಿಲು ತೆರೆದೆ, ಎರಡು ಸಲ ಸೀನಿದೆ. ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಬ್ಯಾಡಗಿಯ ಗಾಳಿಗೆ ಮುಖ ಕೊಟ್ಟವರು ಸೀನಿಯೇ ದಿನ ಶುರು ಮಾಡುತ್ತಾರೆ. ಅಂಗಳ ಗುಡಿಸುವಾಗ ಕಸಬರಿಗೆಯ ಮುಂದೆ ಹಳದಿ ಬೀಜಗಳು ಉರುಳಿದವು. ಎಷ್ಟು ಗುಡಿಸಿದರೂ ಕಲ್ಲಿನ ಸಂದಿಯಲ್ಲಿ ನಾಲ್ಕು ಉಳಿಯುತ್ತವೆ. ನೀರು ಚಿಮುಕಿಸಿ ರಂಗೋಲಿ ಹಾಕಿದೆ, ಹಾಲು ಕಾಯಿಸಿದೆ. ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ ನೀಲಕ್ಕ, ಹಿಟ್ಟು ನಾದಿ ಕೊಟ್ಟರು. ನಾನು ರೊಟ್ಟಿ ಬಡಿದೆ. ಒಂಬತ್ತಕ್ಕೆ ಗಂಡಸರ ಊಟ ಮುಗಿಯಿತು. ಒಂಬತ್ತೂವರೆಗೆ ಕೈಗೆ ಹತ್ತಿದ ಹಿಟ್ಟು ತೊಳೆದು, ಸೀರೆ ಬದಲಿಸಿ, ನಡುಮನೆಯ ಕಿಟಕಿಯ ಹತ್ತಿರದ ಕಂಪ್ಯೂಟರ್ ಮೇಜಿನ ಮುಂದೆ ಕುಳಿತೆ.

"ಆ ಡಬ್ಬಿ ಮುಂದ ಕುಂದ್ರಾಕ ಇಸ್ತ್ರಿ ಸೀರಿ ಯಾಕಬೇ? ಅದಕ್ಕೇನ್ ಕಣ್ಣ ಅದಾವ?" ಎಂದು ನೀಲಕ್ಕ ದಿನವೂ ನಗುತ್ತಿದ್ದರು. ಅಂದೂ ನಕ್ಕರು. ನಾನು ನಗಲಿಲ್ಲ. ಹತ್ತು ಗಂಟೆಗೆ ನನ್ನ ಮೂರನೆಯ ಮತ್ತು ಕೊನೆಯ ಅವಕಾಶವಿತ್ತು.

ಇದನ್ನೆಲ್ಲ ಮರೆತೆನೆಂದೇ ಅಂದುಕೊಂಡಿದ್ದೆ. ಹೋದ ತಿಂಗಳು ರಾಣೆಬೆನ್ನೂರಿಗೆ ಸೀರೆ ತರಲು ಹೋದಾಗ, ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಅಂಗಡಿಯವರು ಪಾಪ, "ಬಣ್ಣ ಸೇರಲಿಲ್ಲೇನ್ರಿ ಅಕ್ಕಾರ?" ಎಂದು ಕೇಳಿದರು. ಬಣ್ಣ ಚೆನ್ನಾಗಿಯೇ ಇತ್ತು. ನನಗೆ ಸಿಟ್ಟು ಬಂದಿದ್ದು ಮೂರು ವರ್ಷದ ಹಿಂದಿನ ಒಂದು ಸುಗ್ಗಿಯ ಮೇಲೆ.

ನಮ್ಮ ಮನೆಯ ಮುಂಭಾಗ ದಲಾಲಿ ಅಂಗಡಿ, ಹಿಂಭಾಗ ಮನೆ, ಪಕ್ಕದಲ್ಲಿ ಗೋದಾಮು. ಭಾವನವರು ಯಜಮಾನರು, ನಮ್ಮವರು ಅವರ ತಮ್ಮ, ಅಂಗಡಿಯ ಓಡಾಟವೆಲ್ಲ ಅವರದು. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಕೇರಳದ ಖರೀದಿದಾರರೊಬ್ಬರು ಒಂದು ಮಾತು ಹೇಳಿದರು: ಗೋದಾಮಿನ ಚೀಲಗಳನ್ನು ತಾವು ಅಲ್ಲಿಂದಲೇ ಕ್ಯಾಮೆರಾದಲ್ಲಿ ನೋಡಬೇಕು, ಅದಕ್ಕೆ ಸ್ಟ್ಯಾಟಿಕ್ ಐಪಿ ಬೇಕು. ಸ್ಟ್ಯಾಟಿಕ್ ಐಪಿ ಎಂದರೆ ಇಂಟರ್ನೆಟ್ಟಿನಲ್ಲಿ ಬದಲಾಗದ ವಿಳಾಸ. ಸಾಮಾನ್ಯವಾಗಿ ಮನೆಗಳ ಕನೆಕ್ಷನ್ನಿಗೆ ಈ ವಿಳಾಸ ಆಗಾಗ ಬದಲಾಗುತ್ತದೆ, ಬಾಡಿಗೆ ಮನೆಯವರ ಹಾಗೆ. ಬದಲಾಗದ್ದು ಬೇಕೆಂದರೆ ಕೇಳಿ ತೆಗೆದುಕೊಳ್ಳಬೇಕು. ಅಂಗಡಿಯ ಕಂಪ್ಯೂಟರಿಗೂ ಅಂಥದೇ ಒಂದು ಬೇಕಾಗಿತ್ತು.

ಅದೇ ವಾರ ಹಾವೇರಿಯಿಂದ ನನ್ನ ಕಾನ್ವೆಂಟ್ ಗೆಳತಿ ಲೀನಾ ಫೋನ್ ಮಾಡಿದಳು. ಇಂಗ್ಲಿಷ್ ಪ್ರಬಂಧಗಳ ಉತ್ತರಪತ್ರಿಕೆಗಳನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸವಂತೆ. ಪತ್ರಿಕೆಗಳು ಕಂಡ ಕಂಡಲ್ಲಿ ತೆರೆಯಬಾರದೆಂದು, ಮೊದಲೇ ಬರೆಸಿಟ್ಟ ಒಂದೇ ವಿಳಾಸದಿಂದ ಮಾತ್ರ ತೆರೆಯುತ್ತವಂತೆ. "ನಿಂಗ ಇದು ಹೇಳಿ ಮಾಡಿಸಿದಂಗ ಐತಿ ಸುಮಾ. ಕ್ಲಾಸಿನ್ಯಾಗ ನಮ್ಮೆಲ್ಲಾರ ತಪ್ಪು ನೀನ ತಿದ್ದತಿದ್ದಿ" ಎಂದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಆ ಹತ್ತೊಂಬತ್ತು ವರ್ಷದಲ್ಲಿ ನನ್ನ ಇಂಗ್ಲಿಷು ಈ ಮನೆಗೆ ಉಪಯೋಗವಾದದ್ದು ಔಷಧಿ ಚೀಟಿ ಓದಲು, ಮದುವೆ ಪತ್ರಿಕೆಯ ಕೆಳಗಿನ ಎರಡು ಸಾಲು ಬರೆಯಲು. ಅಂದು ಮಧ್ಯಾಹ್ನ ನಾನು ಟ್ರಂಕಿನ ತಳದಿಂದ ನನ್ನ ಡಿಗ್ರಿಯ ಕಾಗದ ತೆಗೆದೆ. ಅಂಚಿನಲ್ಲಿ ಒಂದು ಹಸಿರು ಹುಳ ಒಣಗಿ ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದೆ.

ನಮ್ಮವರಿಗೆ ಹೇಳಿದೆ. ಅವರು ಒಳ್ಳೆಯವರೇ. "ಹೆಂಗೂ ಅಂಗಡಿಗೆ ತಗೊಳ್ಳಾಕತ್ತೇವಿ, ಅದರಾಗ ಒಂದ ನಿಂಗ ಇರಲಿ" ಅಂದರು.

ನಮ್ಮ ಓಣಿಗೆ ಟೀವಿ ಕೇಬಲ್ ಎಳೆದವರು ಮಾಬೂಸಾಬರು. ಈಗ ಅದೇ ತಂತಿಯಲ್ಲಿ ಇಂಟರ್ನೆಟ್ಟೂ ಕೊಡುತ್ತಾರೆ. ಟೀವಿಗೆಂದು ತಂತಿ ನಡುಮನೆಗೆ ಬಂದಿದ್ದರಿಂದ ಮೋಡೆಮ್ ಅಲ್ಲೇ ಗೋಡೆಯ ಮೇಲೆ ಕುಳಿತಿತು. ಅಲ್ಲಿಂದ ಒಂದು ತಂತಿ ನನ್ನ ಮೇಜಿಗೆ, ಉಳಿದವು ಬಾಗಿಲ ಚೌಕಟ್ಟಿನ ಗುಂಟ ಅಂಗಡಿಗೆ. ಫೆಬ್ರುವರಿಯ ಮೊದಲ ವಾರ ಅವರು ಹುಬ್ಬಳ್ಳಿಯ ಆಫೀಸಿನಿಂದ ಬಂದ ಒಂದು ಹಾಳೆ ಹಿಡಿದುಕೊಂಡು ಬಂದರು.

"ಒಂದಲ್ಲ ಎರಡಲ್ಲ, ಎಂಟ ಬಂದಾವ ನೋಡ್ರಿ ಸಾವ್ಕಾರ್ರ" ಎಂದು ಭಾವನವರ ಮುಂದೆ ಹಾಳೆ ಇಟ್ಟರು. "ನಲವತ್ತರಿಂದ ಹಿಡದ ನಲವತ್ತೇಳರ ತನಕ."

ವಿಳಾಸವೆಂದರೆ ಉದ್ದನೆಯ ಅಂಕಿಗಳ ಸಾಲು. ಎಂಟರಲ್ಲೂ ಮುಂದಿನ ಅಂಕಿಗಳು ಒಂದೇ, ಕೊನೆಯದು ಮಾತ್ರ ಬೇರೆ: ನಲವತ್ತು, ನಲವತ್ತೊಂದು, ಹೀಗೆ. ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಓದಲು ಯಾರೂ ಒಳಗೆ ಕಳಿಸಲಿಲ್ಲ. ಓದುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಎಂಟು ಬಂದಿವೆ, ಹಂಚಬೇಕು, ಅಷ್ಟೇ. ಹೊಲ ಹಂಚುವಾಗ, ಮನೆ ಹಂಚುವಾಗ ನಮ್ಮಲ್ಲಿ ಮೊದಲಿನ ಪಾಲು ಹಿರಿಯನದು. ಭಾವನವರು ನಲವತ್ತನ್ನು ತಮ್ಮ ಕ್ಯಾಮೆರಾ ಪೆಟ್ಟಿಗೆಗೆ ಇಟ್ಟುಕೊಂಡರು. ಚಿತ್ರಗಳನ್ನು ತುಂಬಿಕೊಂಡು ಹೊರಗೂ ಕಳಿಸುವ ಪೆಟ್ಟಿಗೆ ಅದು. ಆದರೆ ಪೆಟ್ಟಿಗೆ ನಲವತ್ತನ್ನು ತೆಗೆದುಕೊಳ್ಳಲಿಲ್ಲ, ತಪ್ಪು ಎಂದು ಕೆಂಪಗೆ ತೋರಿಸಿತು.

"ಮೊದಲಿನ ಸಾಲ ಬೀಜ ಹಿಡೀಲಿಲ್ಲ ಬಿಡ್ರಿ" ಎಂದರು ಮಾಬೂಸಾಬರು. "ನಲವತ್ತೊಂದ ಹಾಕೋಣೇನ್ರಿ?"

"ಹಾಕು. ಅದs ಮೊದಲಿಂದು ಆತಲ್ಲ."

ನಲವತ್ತೊಂದನ್ನು ಪೆಟ್ಟಿಗೆ ತೆಗೆದುಕೊಂಡಿತು. ಭಾವನವರು ಪೆಟ್ಟಿಗೆಗೆ ಕುಂಕುಮ ಹಚ್ಚಿದರು, ಹೂವೇರಿಸಿದರು. ಅಂಗಡಿಯ ಕಂಪ್ಯೂಟರಿಗೆ ನಲವತ್ತೆರಡು ಸಿಕ್ಕಿತು. ನನಗೆ "ಕಡೇದು ಇರಲಿ" ಎಂದು ನಲವತ್ತೇಳು ಬಂತು. ಅದನ್ನೂ ಕಂಪ್ಯೂಟರು ಒಪ್ಪಲಿಲ್ಲ. ಮಾಬೂಸಾಬರೇ ಒಂದು ಹಿಂದೆ ಸರಿದು ನಲವತ್ತಾರು ಹಾಕಿ, ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು. ನಾನು ಆ ರಾತ್ರಿಯೇ ನಲವತ್ತಾರನ್ನು ಕೆಲಸ ಕೊಡುವವರಿಗೆ ಬರೆದು ಕಳಿಸಿದೆ. ಒಪ್ಪಿಗೆ ಬಂತು. ಮೊದಲು ಪರೀಕ್ಷೆಯ ಬೈಠಕ್: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ ಕೊಟ್ಟಷ್ಟು ಪ್ರಬಂಧ ತಿದ್ದಿ ಮುಗಿಸಬೇಕು. ನಡುವೆ ಸಂಪರ್ಕ ಹೋದರೆ ನಾವೇ ಕೈಬಿಟ್ಟ ಹಾಗೆ ಲೆಕ್ಕ. ಎರಡು ಅವಕಾಶ.

ಮೊದಲ ಬೈಠಕ್ಕಿನ ದಿನ ಹತ್ತು ಗಂಟೆಗೆ ಸರಿಯಾಗಿ ಪರದೆ ತೆರೆಯಿತು. ಆ ಕಡೆ ಅಂಗಡಿ ತೆರೆಯಿತು, ಪೂಜೆಯ ಊದಿನಕಡ್ಡಿಯ ವಾಸನೆ ಬಂತು, ಭಾವನವರು ಗಂಟೆ ಬಾರಿಸಿದರು, ಪರದೆ ನಿಂತುಹೋಯಿತು. ಮಧ್ಯಾಹ್ನ ಒಂದಾದರೂ ಬರಲಿಲ್ಲ. ಅಂಗಡಿಯ ಕಂಪ್ಯೂಟರೂ ನಿಂತಿತ್ತು. ಆದರೆ ಭಾವನವರ ಟೀವಿಯಲ್ಲಿ ಗೋದಾಮು ಮಿನಮಿನ ಹೊಳೆಯುತ್ತಿತ್ತು, ಏಕೆಂದರೆ ಆ ಟೀವಿಯ ತಂತಿ ನೇರ ಕ್ಯಾಮೆರಾ ಪೆಟ್ಟಿಗೆಗೇ ಸೇರಿದ್ದು, ಅದಕ್ಕೆ ಇಂಟರ್ನೆಟ್ಟಿನ ಹಂಗಿಲ್ಲ. ಕೇರಳದವರು ಫೋನ್ ಮಾಡಿ ಏನೂ ಕಾಣಿಸುತ್ತಿಲ್ಲ ಎಂದರು.

"ಅವರ ಕಡೆ ಯಾವಾಗ್ಲೂ ಮಳಿ. ಅವರ ಲೈನs ಹಸಿ ಆಗಿರಬೇಕು" ಎಂದು ಭಾವನವರು ರೈತರ ಮುಂದೆ ಹೇಳಿ ನಗಿಸಿದರು.

ಮಾರುಕಟ್ಟೆಯ ದಿನಗಳಾದ ಸೋಮವಾರ, ಗುರುವಾರ ಅಂಗಡಿಯ ಕಂಪ್ಯೂಟರು ನಿಂತಾಗ ಮಾತ್ರ ಅವರು ನಗಲಿಲ್ಲ. ತಪ್ಪು ಯಾರದೆಂದು ಹುಡುಕಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. "ಒಳಗಿಂದು ಚಾಲೂ ಇದ್ರ ಲೈನ್ ಭಾರ ಆಕ್ಕೈತಿ. ಅದನ್ನ ತಗೀಲಿಕ್ಕ ಹೇಳು" ಎಂದು ನಮ್ಮವರಿಗೆ ಹೇಳಿದರು. ನನ್ನ ತಂತಿ ಕಿತ್ತರು. ಅಂಗಡಿಯ ಕಂಪ್ಯೂಟರು ಆಗಲೂ ನಿಂತೇ ಇತ್ತು. ಹಾಗಾದರೆ ಭಾರ ನನ್ನದಲ್ಲವಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಮೂರು ದಿನದ ಮೇಲೆ ನಾನೇ ತಂತಿಯನ್ನು ಮರಳಿ ಚುಚ್ಚಿಕೊಂಡೆ.

ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹೊತ್ತು ಬರೆಯತೊಡಗಿದೆ. ಹತ್ತಕ್ಕೆ ಹೋಯಿತು. ಎರಡಕ್ಕೆ ಬಂತು. ನಾಲ್ಕಕ್ಕೆ ಹೋಯಿತು. ಎಂಟಕ್ಕೆ ಬಂತು. ಒಂದು ವಾರದಲ್ಲಿ ಎಲ್ಲ ಕಂಡಿತು. ಒಣ ಮೆಣಸಿನಕಾಯಿಗೆ ಕಿಡಿ ತಾಗಿದರೆ ಗತಿ ಏನೆಂದು, ಅಂಗಡಿಗೆ ಬೀಗ ಹಾಕುವಾಗಲೆಲ್ಲ ಆ ಕಡೆಯ ಮೇನ್ ಸ್ವಿಚ್ ಇಳಿಸುವುದು ಈ ಮನೆಯ ಹಳೆಯ ಪದ್ಧತಿ. ಊಟದ ಹೊತ್ತಿನಲ್ಲೂ ತಪ್ಪಿಸುವುದಿಲ್ಲ. ಅಂಗಡಿ ತೆರೆದಾಗ ಕ್ಯಾಮೆರಾ ಪೆಟ್ಟಿಗೆ ಏಳುತ್ತದೆ, ನನ್ನ ಲೈನು ಮಲಗುತ್ತದೆ. ಪೆಟ್ಟಿಗೆ ಮಲಗಿದರೆ ಲೈನು ಏಳುತ್ತದೆ.

ಮಾಬೂಸಾಬರ ಹಾಳೆಯನ್ನು ಆಗ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು ಓದಿದೆ. ಶಾಲೆಯಲ್ಲಿ ಸಿಸ್ಟರ್ ಕಲಿಸಿದ ಅಭ್ಯಾಸ ಅದು. ಎಲ್ಲವೂ ಅದರಲ್ಲಿ ಇತ್ತು. ಎಂಟರಲ್ಲಿ ಮೊದಲನೆಯದು ಮತ್ತು ಕೊನೆಯದು ಬಳಸುವಂತಿಲ್ಲ. ನಲವತ್ತೊಂದು 'ಗೇಟ್‌ವೇ', ಅದು ಮೋಡೆಮ್ಮಿನದೇ ವಿಳಾಸ. ಮನೆಯ ಎಲ್ಲ ಕಂಪ್ಯೂಟರುಗಳು ಅದರ ಮೂಲಕವೇ ಹೊರಗೆ ಹೋಗಬೇಕು. ನಲವತ್ತೆರಡರಿಂದ ನಲವತ್ತಾರು ನಮ್ಮವು. ಎಂಟಲ್ಲ, ಐದು. ಗೇಟ್‌ವೇ ಎಂಬ ಮಾತಿನ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದೆ. ಅವಸರದಲ್ಲಿ ಸುತ್ತು ಬದನೆಕಾಯಿಯ ಆಕಾರದಲ್ಲಿ ಬಂತು.

ನಮ್ಮವರು ಊಟಕ್ಕೆ ಬಂದಾಗ ಹೇಳಿದೆ. "ಹೊಲದ ಉತಾರದಾಗ ಎಂಟ ಎಕರೆ ಅಂತ ಇದ್ರೂ ಬದು ಬಿಟ್ಟ ಬಿತ್ತತೀವಿ ಹೌದಲ್ರಿ? ನಲವತ್ತು ಆ ಕಡಿ ಬದು, ನಲವತ್ತೇಳು ಈ ಕಡಿ ಬದು. ನಲವತ್ತೊಂದು ಬಂಡಿ ಹಾದಿ. ಭಾವನೋರು ಬಂಡಿ ಹಾದಿ ಮ್ಯಾಲ ಗೋದಾಮ ಕಟ್ಯಾರ. ಇನ್ನ ಯಾರ ಬಂಡಿ ಹೊರಗ ಹೊಕ್ಕೈತಿ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಖರೇನ ಸುಮಾ. ಎಷ್ಟ ಛಂದ ತಿಳಿಸಿದಿ. ಅಣ್ಣಗ ಹೇಳತೇನಿ."

ನಾನೇ ಹೇಳಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಹತ್ತೊಂಬತ್ತು ವರ್ಷದಲ್ಲಿ ನಾನು ಭಾವನವರೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನಿಲ್ಲ. ತಮ್ಮನ ಹೆಂಡತಿ ಭಾವನೆದುರು ನಿಂತು ಮಾತಾಡದಿರುವುದು ನಮ್ಮ ಮನೆಯ ಮರ್ಯಾದೆ. "ಸಾರು ಬಡಿಸಲೇ" ಎಂಬುದನ್ನೂ ನಾನು ನೀಲಕ್ಕನ ಮುಖ ನೋಡಿ ಕೇಳಬೇಕು. ಅವರು "ಸಾಕಂತ ಹೇಳು" ಎಂದು ಗೋಡೆಯ ಕಡೆ ತಿರುಗಿ ಹೇಳಬೇಕು. ಆವರೆಗೆ ಅದು ನನಗೆ ಭಾರವೆನಿಸಿರಲಿಲ್ಲ. ಸಾರಿನ ಮಾತಿಗೆ ಏನು ಭಾರ?

ಅಂದು ಸಂಜೆ ನಡುಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ. ನನ್ನ ಬದು, ನನ್ನ ಬಂಡಿ ಹಾದಿ ಎಲ್ಲ ನಮ್ಮವರ ಬಾಯಲ್ಲಿ ಹೀಗಾಗಿ ಹೊರಬಿತ್ತು:

"ಅಣ್ಣಾ, ಆ ನಂಬರ ಒಂದ ಸಲ ಬದಲಿ ಮಾಡಿ ನೋಡಿದ್ರ ಹೆಂಗ ಅಂತ. ಸುಮ್ಮನ ಕೇಳಿದೆ."

"ಯಾಕ? ನನ್ನ ಟೀವಿನ್ಯಾಗ ಎಲ್ಲಾ ಸ್ವಚ್ಛ ಕಾಣಾಕತ್ತೈತಲ್ಲ. ಕಾಣದವರು ಬದಲಿ ಮಾಡ್ಕೊಳ್ಳಿ."

"ಹೌದ ಬಿಡು" ಎಂದರು ನಮ್ಮವರು.

ಸಿಟ್ಟು ಬಂದಾಗ ಹತ್ತರವರೆಗೆ ಎಣಿಸು ಎನ್ನುತ್ತಿದ್ದರು ಸಿಸ್ಟರ್. ಆ ಬಾಗಿಲ ಹಿಂದೆ ನಾನು ನಲವತ್ತರಿಂದ ನಲವತ್ತೇಳರವರೆಗೆ ಎಣಿಸಿದೆ, ಮತ್ತೆ ಮತ್ತೆ.

ಎರಡನೆಯ ಬೈಠಕ್ಕೂ ಹಾಗೆಯೇ ಹೋಯಿತು. ನಾನು ಕೆಲಸ ಕೊಡುವವರಿಗೆ ದೀರ್ಘವಾದ ಪತ್ರ ಬರೆದೆ. ಆ ಕಡೆಯ ಮೇಡಮ್ ಯಾರೋ ಕರುಣೆಯಿಂದ ಇನ್ನೊಂದು ದಿನ ಕೊಟ್ಟರು, ಇದೇ ಕೊನೆ ಎಂದು ಬರೆದರು. ಅದೇ ಆ ಬುಧವಾರ. ಹಿಂದಿನ ಸಂಜೆ ನಮ್ಮವರ ಎರಡೂ ಕೈ ಹಿಡಿದುಕೊಂಡು ಕೇಳಿದೆ: ಒಂದೇ ಒಂದು ದಿನ, ಹತ್ತರಿಂದ ಒಂದರವರೆಗೆ, ಆ ಪೆಟ್ಟಿಗೆ ಹಚ್ಚಬೇಡಿರೆಂದು ಹೇಳಿ. ಮೂರು ತಾಸು. ಚೀಲಗಳು ಎಲ್ಲಿಗೂ ಓಡಿಹೋಗುವುದಿಲ್ಲ.

"ಹೇಳತೇನಿ. ನಾಳೆ ಹುಬ್ಬಳ್ಳಿಯಿಂದ ಇಂಜಿನಿಯರೂ ಬರಾಕತ್ತಾನ, ಗುರುವಾರದ ಮಾರ್ಕೆಟ್ಟಿಗೆ ಲೈನ್ ಸರಿ ಆಗಬೇಕಂತ ಅಣ್ಣ ಕರಸ್ಯಾನ. ನೀ ಚಿಂತಿ ಬಿಡು."

ಹಾಗೆ ಚಿಂತೆ ಬಿಟ್ಟು, ಇಸ್ತ್ರಿ ಸೀರೆ ಉಟ್ಟು ನಾನು ಮೇಜಿನ ಮುಂದೆ ಕುಳಿತದ್ದು.

ಹತ್ತಕ್ಕೆ ಪರದೆ ತೆರೆಯಿತು. ಒಬ್ಬ ಹುಡುಗಿ ತನ್ನ ಅಜ್ಜನ ಸೈಕಲ್ಲಿನ ಬಗ್ಗೆ ಬರೆದಿದ್ದಳು. 'ಟಿ' ಅಕ್ಷರದ ಅಡ್ಡಗೆರೆಯನ್ನು ಪ್ರತಿ ಸಲವೂ ಮರೆತು, ಆಮೇಲೆ ಕೂತು ಎಲ್ಲಕ್ಕೂ ಒಟ್ಟಿಗೆ ಎಳೆದಿದ್ದಳು. ಗೆರೆಗಳ ಶಾಯಿಯೇ ಬೇರೆ. ಆ ಮಗುವನ್ನು ಕಂಡ ಹಾಗಾಯಿತು. ಸೈಕಲ್ಲಿನ ಗಂಟೆಯನ್ನು ಯಾರೋ ಕದ್ದ ಭಾಗಕ್ಕೆ ಬಂದಿದ್ದೆ. ಊದಿನಕಡ್ಡಿಯ ವಾಸನೆ ಬಂತು.

ಅಂಗಡಿಯ ಪೂಜೆಯ ಗಂಟೆ ಕೇಳಿಸಿತು. ಪರದೆ ನಿಂತಿತು.

ನಾನು ಎದ್ದೆ. ಸುತ್ತು ಹಾಕಿದ ಹಾಳೆ ಹಿಡಿದು ನಡುಮನೆ ದಾಟಿ, ತಲೆಯ ಮೇಲೆ ಸೆರಗೂ ಇಲ್ಲದೆ ಅಂಗಡಿಗೆ ಹೋದೆ. ಮಾದರಿ ತಂದಿದ್ದ ನಾಲ್ಕು ಜನ ರೈತರು ಮಣೆಯ ಮೇಲೆ ಕುಳಿತಿದ್ದರು. ನಮ್ಮವರು ಒಂದು ಕಾಯಿಯ ತೊಟ್ಟು ಮುರಿದು ನೋಡುತ್ತಿದ್ದವರು ಹಾಗೇ ನಿಂತರು. ನಾನು ಭಾವನವರ ಗಾದಿಯ ಮುಂದೆ ನಿಂತು ಹೇಳಿದೆ:

"ನಲವತ್ತೊಂದು ಮೋಡೆಮ್ಮಿಂದು ಐತ್ರಿ. ನಿಮ್ಮ ಪೆಟಿಗಿಗೆ ಅದನ್ನ ಹಾಕೀರಿ, ಅದಕ್ಕ ಎಲ್ಲಾರ ಲೈನ್ ಬೀಳಾಕತ್ತೈತಿ. ಇದರಾಗ ಬರದೈತಿ, ನೋಡ್ರಿ. ನಲವತ್ತಮೂರು ಹಾಕ್ರಿ. ಇಲ್ಲಾಂದ್ರ ಮೂರು ತಾಸು ಬಂದ್ ಮಾಡ್ರಿ."

ನನ್ನ ದನಿ ನನಗೇ ಅಪರಿಚಿತವಾಗಿತ್ತು. ಭಾವನವರು ನನ್ನನ್ನು ನೋಡಲಿಲ್ಲ. ಹಾಳೆಯನ್ನೂ ನೋಡಲಿಲ್ಲ. ತಮ್ಮನ ಕಡೆ ತಿರುಗಿ, ಬಹಳ ಮೆತ್ತಗೆ, "ಏನಂತಪಾ, ಕೇಳು. ಮಂದಿ ಕುಂತಾರ. ಒಳಗ ಹೋಗಾಕ ಹೇಳು" ಎಂದರು.

"ಒಳಗ ನಡಿ ಸುಮಾ" ಎಂದರು ನಮ್ಮವರು. ತೊಟ್ಟು ಇನ್ನೂ ಕೈಯಲ್ಲೇ ಇತ್ತು.

ನಾನು ಹಾಳೆಯನ್ನು ಗಾದಿಯ ಮೇಲಿಟ್ಟು ಒಳಗೆ ಬಂದೆ. ನೀಲಕ್ಕ ಒಲೆಯ ಮುಂದೆ ನಿಂತಿದ್ದರು. ಒಂದು ಲೋಟ ನೀರು ನನ್ನ ಪಕ್ಕದಲ್ಲಿ ಇಟ್ಟು ಹೋದರು. ನಾನು ಸತ್ತ ಪರದೆಯ ಮುಂದೆ ಕುಳಿತೇ ಇದ್ದೆ.

ಹನ್ನೊಂದೂವರೆಗೆ ಹುಬ್ಬಳ್ಳಿಯ ಇಂಜಿನಿಯರು ಬಂದರು, ಜೊತೆಗೆ ಮಾಬೂಸಾಬರು. ಚಹಾದ ತಟ್ಟೆ ಹಿಡಿದು ನಾನೇ ಹೋದೆ, ಈ ಸಲ ತಲೆಯ ಮೇಲೆ ಸೆರಗಿತ್ತು. ಇಂಜಿನಿಯರು ಗಾದಿಯ ಮೇಲಿದ್ದ ಹಾಳೆ ಎತ್ತಿ, ಟೀವಿಯಲ್ಲಿ ಪೆಟ್ಟಿಗೆಯ ನಂಬರು ತೆರೆದು ನೋಡಿದರು.

"ಇದಕ್ಕ ನಲವತ್ತೊಂದ ಯಾರ ಹಾಕಿದ್ರಿ? ಇದು ಗೇಟ್‌ವೇ ಐತ್ರಿ, ಮೋಡೆಮ್ ನಂಬರ. ಇದನ್ನ ಹಾಕಿದ್ರ ಎಲ್ಲಾ ಬೀಳೋದs."

"ಓಹೋ, ಹಿಂಗೇನು" ಎಂದು ಭಾವನವರು ಜೋರಾಗಿ ನಕ್ಕರು. "ನೋಡ ಮಾಬೂ, ಕಲತವರಂದ್ರ ಹಿಂಗ. ಬಂದ್ರು, ಹಿಡದ್ರು. ನೀ ಎಂಟ ಎಂಟ ಅಂತ ಕುಣದಿ."

"ನಂಗ ಟೀವಿ ತಂತಿ ಅಷ್ಟ ಗೊತ್ತರಿ ಸಾವ್ಕಾರ್ರ" ಎಂದು ಮಾಬೂಸಾಬರು ತಲೆ ಕೆರೆದುಕೊಂಡರು.

ಇಂಜಿನಿಯರು ನಲವತ್ತಮೂರು ಹಾಕಿದರು. ಐದು ನಿಮಿಷದ ಕೆಲಸ. ಕೇರಳದವರಿಗೆ ಗೋದಾಮು ಕಂಡಿತು, ಅಂಗಡಿಯ ಕಂಪ್ಯೂಟರು ಎದ್ದಿತು. ಭಾವನವರು ಮಿರ್ಚಿ ಭಜಿ ತರಿಸಲು ಹೇಳಿದರು. ಇಂಜಿನಿಯರು ಕಪ್ಪಿನ ಕೆಳಗಿನ ಬಸಿಯನ್ನು ಹಾಳೆಯ ಮೇಲಿಟ್ಟು ಚಹಾ ಕುಡಿಯುವಾಗ, ಬಸಿಯ ಅಂಚಿನಿಂದ ಇಣುಕುತ್ತಿದ್ದ ನನ್ನ ಪೆನ್ಸಿಲ್ ಸುತ್ತು ಅವರ ಕಣ್ಣಿಗೆ ಬಿತ್ತು.

"ಅಲ್ಲ, ಗೇಟ್‌ವೇಕ್ಕ ಮೊದಲs ಗೆರಿ ಹೊಡದಾರಲ್ರಿ. ಯಾರಿಗೋ ಗೊತ್ತಿತ್ತು. ಯಾರ ಹೊಡದಿದ್ದು?"

ತಟ್ಟೆ ನನ್ನ ಕೈಯಲ್ಲಿತ್ತು. ನಾನು ನಮ್ಮವರ ಮುಖ ನೋಡಿದೆ. ಅವರು ನೋಡಿದ್ದು ಅಣ್ಣನ ಮುಖ.

"ಮನ್ಯಾಗ ಯಾರೋ" ಎಂದರು ನಮ್ಮವರು.

ಅವರು ಸುಳ್ಳು ಹೇಳಲಿಲ್ಲ. ನಾನು ಇವತ್ತಿಗೂ ಕ್ಷಮಿಸದಿರುವುದು ಭಾವನವರ ನಗುವನ್ನಲ್ಲ, ಈ ಎರಡು ಮಾತುಗಳನ್ನು. ಜಗಳವಾಡಿದ್ದರೆ ಸಿಟ್ಟು ಇಳಿಯುತ್ತಿತ್ತೇನೋ. ನಾನು ಜಗಳವಾಡಲಿಲ್ಲ, ಖಾಲಿ ಬಸಿಗಳನ್ನು ಒಂದರ ಮೇಲೊಂದು ಜೋಡಿಸಿ ಒಳಗೆ ಒಯ್ದೆ. ನಡುಮನೆಯಲ್ಲಿ ಮೋಡೆಮ್ಮಿನ ನಾಲ್ಕೂ ದೀಪ ಹಸಿರಾಗಿದ್ದವು. ಪರದೆ ತೆರೆದಿತ್ತು. ನಿಮ್ಮ ಅವಧಿ ಮುಗಿದಿದೆ, ತಾವು ಭಾಗವಹಿಸಿದ್ದಕ್ಕೆ ವಂದನೆಗಳು ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿತ್ತು. ಒಂದೂ ತಪ್ಪಿರಲಿಲ್ಲ. ಆ ಹುಡುಗಿಗೆ ಸೈಕಲ್ಲಿನ ಗಂಟೆ ಮರಳಿ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ನಮ್ಮವರು ಬಂದು, "ಈಗ ಲೈನ್ ಸರಿ ಆತಲ್ಲ, ಮುಂದಿನ ವರ್ಷ ಕೇಳಿದ್ರಾತು" ಎಂದರು. ನಾನು ಅವರಿಗೆ ಊಟ ಬಡಿಸಿದೆ. ಸಾರು ಬೇಕೇ ಎಂದು ಕೇಳಲಿಲ್ಲ.

ಬಿಸಿಲು ಇಳಿದ ಮೇಲೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಹಿತ್ತಲ ಗೋಡೆಯ ಆಚೆ ಪಕ್ಕದ ಮನೆಯ ಶಾಂತಕ್ಕ, ಮೊರದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನೀಲಕ್ಕ ಆಗಲೇ ಅವರ ಮನೆಗೆ ಹೋಗಿಬಂದಿರಬೇಕು. ಶಾಂತಕ್ಕ ತಲೆ ಎತ್ತದೆ, ಕೈ ನಿಲ್ಲಿಸದೆ ಕೇಳಿದರು.

"ಏನ ಸುಮಕ್ಕಾ, ಆ ಪೇಪರ್ ತಿದ್ದೂದು ನೀನs ಬ್ಯಾಡಂತ ಬಿಟ್ಟಿಯಂತ. ಛಲೋ ಆತ ಬಿಡು, ಕಣ್ಣರ ಉಳದ್ವು."